ಹೃದಯದ ರಕ್ತಮಾರ್ಗವೂ ಕ್ಷ-ಕಿರಣವೂ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಪಂಡಿತರ ಗೋಷ್ಠಿಗೆ ಮಾತ್ರ ಮೀಸಲಾದುದೇನಲ್ಲ. ‘ಜಯದೇವ ಹೃದ್ರೋಗ ಆಸ್ಪತ್ರೆಗೆ ಸೇರಿಸಿದ್ದಾರಂತೆ, ಆಂಜಿಯೋಗ್ರಾಂ ಆಯಿತಂತೆ, ಎರಡು ಬ್ಲಾಕ್ ಇದೆಯಂತೆ’ ಎಂಬ ಮಾತು ಕೇಳಿಬರದ ಬಂಧುವರ್ಗ ಇಂದು ನಮ್ಮ ನಾಡಿನಲ್ಲಿ ವಿರಳ. ಆ ಮಾತು ಕಿವಿಗೆ ಬಿದ್ದೊಡನೆ ಪ್ರಾಣದ ಚಿಂತೆಯೂ ಹಣದ ಚಿಂತೆಯೂ ಒಟ್ಟಿಗೆ ಮನೆಯನ್ನು ಮುತ್ತಿಕೊಳ್ಳುತ್ತವೆ. ವೈದ್ಯರು ಪರದೆಯ ಮೇಲೆ ತೋರಿಸಿದ ಬೂದುಬಣ್ಣದ ಚಿತ್ರದಲ್ಲಿ ಕವಲೊಡೆದ ಕಪ್ಪು ಗೆರೆಯೊಂದು ಒಂದೆಡೆ ಕಿರಿದಾಗಿರುವುದನ್ನು ಕಂಡು, ಅದೇ ತನ್ನ ತಂದೆಯ ಹೃದಯವೆಂದು ನಂಬಿ, ಕಾಗದಕ್ಕೆ ಸಹಿ ಹಾಕಿ ಹೊರಬರುವ ಮಗನಿಗೆ, ಆ ಗೆರೆ ಏನೆಂಬುದನ್ನು ಬಿಡಿಸಿ ಹೇಳುವ ವಿರಾಮ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಆ ಗೆರೆಯನ್ನು ಕಾಣುವ ವಿದ್ಯೆ ಮನುಷ್ಯನಿಗೆ ಹೇಗೆ ಒದಗಿತು, ಅದರಲ್ಲಿ ಏನು ಕಾಣುತ್ತದೆ, ಏನು ಕಾಣದೆ ಉಳಿಯುತ್ತದೆ ಎಂಬುದನ್ನು ತಮ್ಮ ಮುಂದೆ ಸಾವಕಾಶವಾಗಿ ನಿವೇದಿಸಬೇಕೆಂಬುದು ನನ್ನ ಆಶಯ.

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ, ಕಪ್ಪು ರಟ್ಟಿನಿಂದ ಮುಚ್ಚಿದ್ದ ನಿರ್ವಾತನಳಿಕೆಯಲ್ಲಿ ವಿದ್ಯುತ್ತನ್ನು ಹರಿಸುತ್ತಿದ್ದ ವಿಲ್ಹೆಲ್ಮ್ ರಾಂಟ್ಜೆನ್, ದೂರದಲ್ಲಿದ್ದ ರಾಸಾಯನಿಕ ಲೇಪದ ಫಲಕವೊಂದು ಕತ್ತಲಲ್ಲಿ ತಾನಾಗಿ ಬೆಳಗುತ್ತಿರುವುದನ್ನು ಕಂಡನು. ಆರು ವಾರಗಳ ಬಳಿಕ ಆತನ ಪತ್ನಿಯ ಕೈಬೆರಳಿನ ಮೂಳೆಗಳೂ ಅವುಗಳಲ್ಲೊಂದನ್ನು ಸುತ್ತಿದ್ದ ಉಂಗುರವೂ ಛಾಯಾಫಲಕದ ಮೇಲೆ ಮೂಡಿದವು. ಕ್ಷ-ಕಿರಣದ ಈ ಶೋಧನೆಗೆ ಆತ ಹಕ್ಕುಪತ್ರವನ್ನು ಪಡೆಯಲಿಲ್ಲ. ಅದು ಸಮಸ್ತ ಮಾನವಕುಲದ ಸ್ವತ್ತಾಗಲೆಂದು ಬಿಟ್ಟುಕೊಟ್ಟನು. ಇದನ್ನು ನಾನು ವಿಶೇಷವಾಗಿ ಸ್ಮರಿಸುತ್ತೇನೆ, ಏಕೆಂದರೆ ಮುಂದಿನ ಕೆಲವೇ ತಿಂಗಳುಗಳಲ್ಲಿ ಭೂಮಂಡಲದ ಅನೇಕ ಆಸ್ಪತ್ರೆಗಳು ಈ ಕಿರಣವನ್ನು ಕೈಗೆತ್ತಿಕೊಳ್ಳುವುದಕ್ಕೆ ಆ ಔದಾರ್ಯವೂ ಒಂದು ಕಾರಣ.

ಕ್ಷ-ಕಿರಣದ ಚಿತ್ರವೆಂಬುದು ನೆರಳು. ಕಿರಣವನ್ನು ಯಾವುದು ಹೆಚ್ಚು ತಡೆಯುವುದೋ ಅದರ ನೆರಳು ದಟ್ಟವಾಗುತ್ತದೆ. ತಡೆಯುವ ಶಕ್ತಿಯಾದರೋ ಬಹುಮಟ್ಟಿಗೆ ಪದಾರ್ಥದ ಪರಮಾಣು ಸಂಖ್ಯೆಯನ್ನು ಅವಲಂಬಿಸಿದೆ. ಮೂಳೆಯಲ್ಲಿರುವ ಕ್ಯಾಲ್ಸಿಯಮ್ಮಿನ ಸಂಖ್ಯೆ 20. ಮಾಂಸವನ್ನೂ ರಕ್ತವನ್ನೂ ಕಟ್ಟಿರುವ ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕಗಳ ಸಂಖ್ಯೆ 1, 6, 7, 8. ಹೀಗಿರಲು ಗಾಳಿ ತುಂಬಿದ ಶ್ವಾಸಕೋಶಗಳ ನಡುವೆ ಹೃದಯದ ಹೊರ ಆಕಾರವೇನೋ ಎದೆಯ ಎಕ್ಸ್‌ರೇಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎದೆಗೂಡಿನ ಅಗಲದ ಅರ್ಧವನ್ನು ಮೀರಿದರೆ ಹೃದಯ ಹಿಗ್ಗಿದೆಯೆಂದು ವೈದ್ಯರು ಇಂದಿಗೂ ಅಳೆದು ಹೇಳುತ್ತಾರೆ. ಆದರೆ ಹೃದಯದ ಮಾಂಸವೂ ಅದರೊಳಗಿನ ರಕ್ತವೂ ಅದರ ಮೇಲೆ ಹರಡಿದ ಅಪಧಮನಿಗಳೂ ಕಿರಣಕ್ಕೆ ಒಂದೇ ಸಮನಾದ ಕಾರಣ, ಒಳಗಿನ ಕೋಣೆ, ಕವಾಟ, ನಾಳ ಯಾವುವೂ ಒಂದರಿಂದ ಮತ್ತೊಂದು ಬೇರೆಯಾಗಿ ತೋರುವುದಿಲ್ಲ. ರಕ್ತಕ್ಕೆ ಸ್ವಂತ ನೆರಳಿಲ್ಲ. ಅದಕ್ಕೆ ನೆರಳನ್ನು ನಾವು ಕೊಡಬೇಕು.

ಇದನ್ನು ವಿಯೆನ್ನಾದ ಇಬ್ಬರು ವಿಜ್ಞಾನಿಗಳು, ಹಾಶೆಕ್ ಮತ್ತು ಲಿಂಡೆಂಟಾಲ್, ಬಹುಬೇಗ ಅರಿತರು. ರಾಂಟ್ಜೆನ್ನನ ಪ್ರಕಟಣೆಯ ಶಾಯಿ ಆರುವ ಮೊದಲೇ, 1896ರ ಜನವರಿಯಲ್ಲಿ, ಪ್ರಾಣವಿಲ್ಲದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ ಬೆರೆಸಿದ ಮಿಶ್ರಣವನ್ನು ತುಂಬಿ, ಅವುಗಳ ಕವಲುಗಳನ್ನೆಲ್ಲ ಅವರು ಚಿತ್ರದಲ್ಲಿ ಮೂಡಿಸಿದರು. ಜೀವಂತ ನರನೊಳಕ್ಕೆ ಅದನ್ನು ತುಂಬುವುದುಂಟೆ? ರಕ್ತದೊಡನೆ ಬೆರೆತು, ಕಿರಣವನ್ನು ತಡೆದು, ಹಾನಿ ಮಾಡದೆ ಮೂತ್ರದಲ್ಲಿ ಹೊರಟುಹೋಗುವ ದ್ರವವೊಂದಕ್ಕಾಗಿ ಮೂರು ದಶಕಗಳ ಕಾಲ ಕಾಯಬೇಕಾಯಿತು. 1923ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಆಸ್‌ಬರ್ನ್, ಫರಂಗಿ ರೋಗದ ಚಿಕಿತ್ಸೆಗಾಗಿ ಸೋಡಿಯಂ ಅಯೋಡೈಡ್ ಪಡೆಯುತ್ತಿದ್ದವರ ಮೂತ್ರಕೋಶ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತಿರುವುದನ್ನು ಗಮನಿಸಿದನು. ಅಯೋಡಿನ್ನಿನ ಪರಮಾಣು ಸಂಖ್ಯೆ 53. ಅದು ಮೂಳೆಗಿಂತ ಸಮರ್ಥವಾದ ತಡೆ. ನಾಲ್ಕು ವರ್ಷಗಳ ಬಳಿಕ ಲಿಸ್ಬನ್ನಿನ ಎಗಾಸ್ ಮೊನಿಜ್ ಅದನ್ನೇ ಕುತ್ತಿಗೆಯ ಅಪಧಮನಿಗೆ ಚುಚ್ಚಿ ಮೆದುಳಿನ ರಕ್ತನಾಳಗಳನ್ನು ಕಂಡನು. ಹೃದಯ ಮಾತ್ರ ದೂರವೇ ಉಳಿಯಿತು. ಮಿಡಿಯುವ ಹೃದಯದೊಳಕ್ಕೆ ಬಾಹ್ಯವಸ್ತುವೊಂದು ಹೊಕ್ಕರೆ ಸಾವು ತಪ್ಪದೆಂಬ ಭಯ ವೈದ್ಯಲೋಕವನ್ನು ಆವರಿಸಿಕೊಂಡಿತ್ತು.

ಆ ಭಯವನ್ನು ಒಡೆದವನು ಬರ್ಲಿನ್ನಿನ ಬಳಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ ವೈದ್ಯ ವೆರ್ನರ್ ಫೋರ್ಸ್‌ಮನ್. 1929ರಲ್ಲಿ ಇಪ್ಪತ್ತೈದನ್ನೂ ಮುಟ್ಟಿರದ ಈತನಿಗೆ ಕುದುರೆಯ ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆಯನ್ನು ಹಾಯಿಸಿದ್ದ ಹಳೆಯ ಪ್ರಯೋಗಗಳ ಪರಿಚಯವಿತ್ತು. ಮನುಷ್ಯನಲ್ಲಿಯೂ ಅದು ಏಕಾಗಬಾರದೆಂದು ಕೇಳಿದಾಗ ಮೇಲಧಿಕಾರಿ ಅನುಮತಿಯನ್ನು ನಿರಾಕರಿಸಿದನು. ಶಸ್ತ್ರಸಾಮಗ್ರಿಯ ಬೀಗದ ಕೈ ಗೆರ್ಡಾ ಡಿಟ್ಜೆನ್ ಎಂಬ ದಾದಿಯ ಬಳಿ ಇತ್ತು. ಆಕೆ ತನ್ನ ಮೇಲೆಯೇ ಪ್ರಯೋಗವಾಗಲೆಂದು ಒಪ್ಪಿ ಮೇಜಿನ ಮೇಲೆ ಮಲಗಿದಳು. ಆತ ಆಕೆಯ ಕೈಕಾಲುಗಳನ್ನು ಬಿಗಿದು, ಸಿದ್ಧಪಡಿಸುವಂತೆ ನಟಿಸುತ್ತ, ಅತ್ತ ತನ್ನ ಎಡಮೊಳಕೈಯ ಮಡಿಕೆಯನ್ನು ಜೋಮುಗೊಳಿಸಿ, ಅಲ್ಲಿನ ಅಭಿಧಮನಿಯನ್ನು ಬಿಡಿಸಿ, ಮೂತ್ರನಾಳಕ್ಕೆ ಬಳಸುವ ತೆಳ್ಳನೆಯ ರಬ್ಬರಿನ ನಳಿಕೆಯನ್ನು ತನ್ನೊಳಕ್ಕೆ ತಾನೇ ನೂಕಿಕೊಂಡನು. ಆ ಬಳಿಕ ಆಕೆಯ ಕಟ್ಟನ್ನು ಬಿಚ್ಚಿ, ಕೈಯಿಂದ ಜೋತಾಡುವ ನಳಿಕೆಯೊಡನೆ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದು, ಹೊಳೆಯುವ ಪರದೆಯ ಮುಂದೆ ಕನ್ನಡಿಯೊಂದನ್ನು ಹಿಡಿಸಿಕೊಂಡು, ತನ್ನ ಎದೆಯ ನೆರಳನ್ನು ತಾನೇ ನೋಡುತ್ತ 65 ಸೆಂಟಿಮೀಟರಿನಷ್ಟು ನಳಿಕೆಯನ್ನು ಒಳಸೇರಿಸಿದನು. ಓಡಿಬಂದ ಸಹೋದ್ಯೋಗಿ ಅದನ್ನು ಕಿತ್ತುಹಾಕಲು ಯತ್ನಿಸಿದಾಗ ಆತನನ್ನು ಕಾಲಿನಿಂದ ಒದ್ದು ದೂರವಿಟ್ಟನಂತೆ. ನಳಿಕೆಯ ತುದಿ ಬಲ ಹೃತ್ಕರ್ಣದಲ್ಲಿರುವುದನ್ನು ತೋರುವ ಆ ಚಿತ್ರ ಇಂದಿಗೂ ಪಠ್ಯಗಳಲ್ಲಿ ಮುದ್ರಿತವಾಗುತ್ತದೆ.

ದಾದಿಯನ್ನು ವಂಚಿಸಿದ್ದನ್ನು ನಾನು ಸಾಹಸವೆಂದು ಹೊಗಳಲಾರೆ. ಆಕೆಯ ಒಪ್ಪಿಗೆಯ ಧೈರ್ಯ ಆತನ ಧೈರ್ಯಕ್ಕಿಂತ ಕಡಮೆಯದಾಗಿರಲಿಲ್ಲ, ಆದರೂ ಕೀರ್ತಿಯಲ್ಲಿ ಆಕೆಗೆ ಸಂದ ಪಾಲು ಅತ್ಯಲ್ಪ. ಫೋರ್ಸ್‌ಮನ್ನನಿಗಾದರೂ ಆಗ ಸಿಕ್ಕಿದ್ದು ತಿರಸ್ಕಾರ. ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ನಿಲ್ಲಲಾಗದೆ, ನಾಯಿಗಳ ಮೇಲೆಯೂ ತನ್ನ ಮೇಲೆಯೂ ಅಯೋಡಿನ್ ದ್ರಾವಣವನ್ನು ಪ್ರಯೋಗಿಸಿ ಹೃದಯದ ಒಳಗನ್ನು ಚಿತ್ರಿಸಲು ಹೋರಾಡಿ, ಕೊನೆಗೆ ಮೂತ್ರರೋಗಗಳ ವೈದ್ಯನಾಗಿ ಆತ ಮರೆಯಾದನು. ಆ ಎಳೆಯನ್ನು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕುರ್ನಾಂಡ್ ಮತ್ತು ರಿಚರ್ಡ್ಸ್ ಎತ್ತಿಕೊಂಡು ಬೆಳೆಸಿದರು. 1956ರಲ್ಲಿ ನೊಬೆಲ್ ಪಾರಿತೋಷಕ ಆ ಮೂವರಿಗೂ ಒಟ್ಟಾಗಿ ಸಂದಿತು.

ಹೃದಯದ ಕೋಣೆಗಳು ಹೀಗೆ ಕಂಡವು. ಆದರೆ ಹೃದಯಕ್ಕೇ ಅನ್ನವೀಯುವ ಪರಿಧಮನಿಗಳು, ಮಹಾಪಧಮನಿಯ ಬುಡದಲ್ಲಿ ಹುಟ್ಟಿ ಹೃದಯವನ್ನು ಕಿರೀಟದಂತೆ ಬಳಸಿರುವ, ಮೂರು ನಾಲ್ಕು ಮಿಲಿಮೀಟರಿನಷ್ಟೇ ಅಗಲದ ಆ ನಾಳಗಳು, ಕಾಣಲಿಲ್ಲ. ಅವುಗಳೊಳಕ್ಕೆ ನೇರವಾಗಿ ಅಯೋಡಿನ್ ದ್ರವವನ್ನು ಬಿಟ್ಟರೆ ಪ್ರಾಣವಾಯುವಿಲ್ಲದ ಹೃದಯ ಕಂಪಿಸಿ ನಿಂತುಹೋಗುವುದೆಂದು ಎಲ್ಲರೂ ನಿಶ್ಚಯಿಸಿಕೊಂಡಿದ್ದರು. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲೆಂಡ್ ಚಿಕಿತ್ಸಾಲಯದಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯನು, ಸಂಧಿವಾತ ಜ್ವರದಿಂದ ಕವಾಟ ಕೆಟ್ಟಿದ್ದ 26 ವರ್ಷದ ತರುಣನ ಮಹಾಪಧಮನಿಯ ಚಿತ್ರವನ್ನು ತೆಗೆಯಲು ಅಣಿಯಾಗಿದ್ದನು. ಬಿಂಬವನ್ನು ಪ್ರಖರಗೊಳಿಸುವ ಯಂತ್ರ ಆಗ ಬಹು ದೊಡ್ಡದು; ಅದರ ಬಿಂಬವನ್ನು ನೋಡಲು ರೋಗಿಯ ಮೇಜಿನ ಕೆಳಗೆ ತೋಡಿದ್ದ ಗುಂಡಿಯಲ್ಲಿ ಆತ ಕುಳಿತಿರಬೇಕಾಗಿತ್ತು. ಮೇಲೆ ಸಹಾಯಕನು ದ್ರವವನ್ನು ಒತ್ತಿದನು. ಕೆಳಗೆ ಸೋನ್ಸ್ ಕಣ್ಣಿಟ್ಟು ನೋಡುತ್ತಿದ್ದಂತೆ ನಳಿಕೆಯ ತುದಿ ಸರಿದು ಬಲ ಪರಿಧಮನಿಯ ಬಾಯೊಳಕ್ಕೆ ಸೇರಿ, ಸುಮಾರು 30 ಮಿಲಿಲೀಟರಿನಷ್ಟು ದ್ರವ ಆ ಕಿರುನಾಳಕ್ಕೇ ನುಗ್ಗಿತು. ನಳಿಕೆಯನ್ನು ಎಳೆಯಿರೆಂದು ಕೂಗುತ್ತ ಗುಂಡಿಯಿಂದ ಮೇಲೇರಿ ಬಂದ ಆತ ಎದೆಯನ್ನು ಸೀಳಿ ಹೃದಯವನ್ನು ಕೈಯಿಂದ ಹಿಚುಕಲು ಕತ್ತಿಯನ್ನು ಅರಸುತ್ತಿದ್ದನು. ಆದರೆ ಹೃದಯವಿದ್ಯುತ್ತಿನ ಗೆರೆಯನ್ನು ನೋಡಿದರೆ ಅಲ್ಲಿ ಭಯಪಟ್ಟಿದ್ದ ಕಂಪನವಿಲ್ಲ, ಬರಿಯ ಸ್ತಬ್ಧತೆ. ರೋಗಿಗೆ ಇನ್ನೂ ಎಚ್ಚರವಿತ್ತು. ಕೆಮ್ಮು, ಜೋರಾಗಿ ಕೆಮ್ಮು ಎಂದನು ಸೋನ್ಸ್. ಮೂರು ನಾಲ್ಕು ಬಾರಿ ಕೆಮ್ಮಿದೊಡನೆ ಹೃದಯ ಮತ್ತೆ ಮಿಡಿಯತೊಡಗಿತು.

ಇಂಥ ಆಪತ್ತಿನಿಂದ ಪಾರಾದ ವೈದ್ಯರು ಸಾಮಾನ್ಯವಾಗಿ ದೇವರಿಗೆ ಕೈಮುಗಿದು ಆ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಸೋನ್ಸ್ ಮಾತ್ರ, ಅಷ್ಟೊಂದು ದ್ರವವನ್ನು ತಾಳಿಕೊಂಡ ಹೃದಯ ಅದರ ಅಲ್ಪಾಂಶವನ್ನು ತಾಳಿಕೊಳ್ಳದಿರದೆಂದು ತರ್ಕಿಸಿ, ತುದಿ ಮೃದುವಾದ ನಳಿಕೆಯೊಂದನ್ನು ಮಾಡಿಸಿ, ಮೊಳಕೈಯ ಅಪಧಮನಿಯಿಂದ ಪ್ರವೇಶಿಸಿ, ಬೇಕೆಂದೇ ಪರಿಧಮನಿಯನ್ನು ಹೊಕ್ಕು ಚಲನಚಿತ್ರವನ್ನು ತೆಗೆಯುವ ಕ್ರಮವನ್ನು ಕಟ್ಟಿದನು. ಇತ್ತ ಸ್ಟಾಕ್‌ಹೋಮಿನ ಸೆಲ್ಡಿಂಗರ್ 1953ರಲ್ಲಿಯೇ, ಚರ್ಮವನ್ನು ಕುಯ್ಯದೆ, ಸೂಜಿಯಿಂದ ನಾಳವನ್ನು ಚುಚ್ಚಿ, ಸೂಜಿಯೊಳಗಿಂದ ತಂತಿಯನ್ನು ತೂರಿಸಿ, ಸೂಜಿಯನ್ನು ತೆಗೆದು ತಂತಿಯ ಮೇಲೆ ನಳಿಕೆಯನ್ನು ಹಾಯಿಸುವ ಉಪಾಯವನ್ನು ಪ್ರಕಟಿಸಿದ್ದನು. ಜಡ್ಕಿನ್ಸ್ 1967ರಲ್ಲಿ ಎಡ ಬಲ ಪರಿಧಮನಿಗಳ ಬಾಯನ್ನು ತಾವಾಗಿ ಹುಡುಕಿಕೊಳ್ಳುವಂತೆ ಮೊದಲೇ ಬಾಗಿಸಿದ ನಳಿಕೆಗಳನ್ನು ಬಳಕೆಗೆ ತಂದನು. ಕ್ಲೀವ್‌ಲೆಂಡಿನಲ್ಲೇ ಫವಲೊರೊ ಅದೇ ವರ್ಷ ಆರಂಭಿಸಿದ ಬೈಪಾಸ್ ಶಸ್ತ್ರಕ್ರಮವೂ, 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಗ್ರೂಂಟ್ಸಿಗ್ ಮಾಡಿದ, ಪರಿಧಮನಿಯನ್ನು ಹಿಗ್ಗಿಸುವ ಮೊದಲ ಬಲೂನ್ ಚಿಕಿತ್ಸೆಯೂ ಈ ದರ್ಶನವಿಲ್ಲದೆ ಅಸಾಧ್ಯವಾಗಿದ್ದವು.

ಆಂಜಿಯೋಗ್ರಾಂ ತೆಗೆಯುವ ಇಂದಿನ ಕ್ಯಾತ್ ಲ್ಯಾಬಿನೊಳಗೆ ತಮ್ಮನ್ನು ಒಂದು ಕ್ಷಣ ಕರೆದೊಯ್ಯುತ್ತೇನೆ. ಮಣಿಕಟ್ಟಿಗೆ ಜೋಮುಮದ್ದು ಕೊಟ್ಟು, ನಾಡಿ ನೋಡುವ ಅದೇ ಅಪಧಮನಿಯ ಮೂಲಕ ಸುಮಾರು ಎರಡು ಮಿಲಿಮೀಟರ್ ದಪ್ಪದ ನಳಿಕೆಯನ್ನು ಹೃದಯದ ಬುಡದವರೆಗೆ ಹಾಯಿಸುತ್ತಾರೆ. ರೋಗಿಗೆ ಒಳಗೆ ಸಾಗುವ ನಳಿಕೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಅಯೋಡಿನ್ ಔಷಧ, ಒಂದು ಸಲಕ್ಕೆ ಐದಾರು ಮಿಲಿಲೀಟರ್, ಒತ್ತಲ್ಪಟ್ಟೊಡನೆ, ಖಾಲಿಯಾಗಿದ್ದ ಬೂದು ಪರದೆಯ ಮೇಲೆ ಕಪ್ಪು ಕಾಂಡವೊಂದು ತಟ್ಟನೆ ಮೂಡಿ, ಎರಡಾಗಿ ಕವಲೊಡೆದು, ಕವಲುಗಳು ಮಿಡಿತದೊಡನೆ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗುತ್ತ, ತುದಿಯ ಎಳೆಗಳವರೆಗೆ ತುಂಬಿ, ಮೂರು ನಾಲ್ಕು ಮಿಡಿತಗಳಲ್ಲಿ ತೊಳೆದುಹೋಗುತ್ತವೆ. ಅದು ಮಾಸುತ್ತಿದ್ದಂತೆ ಅಭಿಧಮನಿಗಳ ಮಸುಕು ನೆರಳು ಹಿಂದೆ ಬರುತ್ತದೆ. ರೋಗಿಯ ಸುತ್ತ ಅರ್ಧಚಂದ್ರಾಕಾರದ ಯಂತ್ರಬಾಹು ತಿರುಗಿ, ಬೇರೆ ಬೇರೆ ಕೋನಗಳಿಂದ ಇದೇ ದೃಶ್ಯವನ್ನು ಮತ್ತೆ ಮತ್ತೆ ಹಿಡಿಯುತ್ತದೆ. ಈ ಪುನರಾವೃತ್ತಿ ಅನಿವಾರ್ಯ: ಸೀಳಿನಂತೆ ಚಪ್ಪಟೆಯಾದ ದಾರಿ ಒಂದು ಕಡೆಯಿಂದ ಅಗಲವಾಗಿಯೂ ಇನ್ನೊಂದು ಕಡೆಯಿಂದ ದಾರದಷ್ಟು ತೆಳ್ಳಗೂ ತೋರಬಲ್ಲದು, ಒಂದೇ ನೆರಳನ್ನು ನಂಬಿದವನು ಮೋಸಹೋಗುತ್ತಾನೆ.

ಈಗ ನಾನು ಬಹುವಾಗಿ ಒತ್ತಿ ಹೇಳಬೇಕೆಂದಿರುವ ಸಂಗತಿಗೆ ಬಂದೆನು. ಆ ಕಪ್ಪು ಗೆರೆ ರಕ್ತನಾಳವಲ್ಲ. ನಾಳದೊಳಗೆ ಹರಿಯುವ ದ್ರವದ ನೆರಳು. ರೋಗವಿರುವುದಾದರೋ ನಾಳದ ಗೋಡೆಯಲ್ಲಿ. ಷಿಕಾಗೋ ನಗರದ ಗ್ಲಾಗೊವ್ ಎಂಬ ರೋಗಶಾಸ್ತ್ರಜ್ಞನೂ ಅವನ ಸಂಗಡಿಗರೂ ಮೃತರ 136 ಹೃದಯಗಳನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ವಿಷಯವಿದು: ಕೊಬ್ಬು ಗೋಡೆಯಲ್ಲಿ ಶೇಖರವಾಗುತ್ತ ಹೋದಂತೆ ನಾಳ ಹೊರಮುಖವಾಗಿ ಹಿಗ್ಗಿಕೊಂಡು ದಾರಿಯನ್ನು ಕಾಪಾಡಿಕೊಳ್ಳುತ್ತದೆ, ಒಳ ಆವರಣದ ನೂರರಲ್ಲಿ ಸುಮಾರು ನಲವತ್ತು ಪಾಲನ್ನು ಕೊಬ್ಬು ಆಕ್ರಮಿಸಿಕೊಳ್ಳುವವರೆಗೂ ದಾರಿ ಕಿರಿದಾಗುವುದಿಲ್ಲ. ಕೆರೆಯ ನೀರಿನ ಮಟ್ಟವನ್ನು ನೋಡಿ ನಿಶ್ಚಿಂತನಾದವನಿಗೆ ಏರಿಯೊಳಗೆ ಹೆಗ್ಗಣ ತೋಡಿದ ಬಿಲ ಹೇಗೆ ತಿಳಿಯದೋ ಹಾಗೆ, ನಿರ್ದೋಷವಾಗಿ ತೋರುವ ಆಂಜಿಯೋಗ್ರಾಮಿನ ಹಿಂದೆ ರೋಗಗ್ರಸ್ತವಾದ ಗೋಡೆ ಇರಬಹುದು. ಹೃದಯಾಘಾತವಾದರೂ ಅನೇಕ ವೇಳೆ ಬಹು ಕಿರಿದಾದ ಸ್ಥಳದಲ್ಲಿ ಅಲ್ಲದೆ, ಅಷ್ಟೇನೂ ಕಿರಿದಾಗಿರದ ಕಡೆಯ ಕೊಬ್ಬಿನ ಪೊರೆ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಸಂಭವಿಸುತ್ತದೆ.

ಕಾಣುವ ಬ್ಲಾಕಿನ ಲೆಕ್ಕದಲ್ಲಿಯೂ ಸೂಕ್ಷ್ಮವುಂಟು. ವ್ಯಾಸ ಅರ್ಧಕ್ಕಿಳಿದರೆ ಹರಿಯುವ ದಾರಿಯ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ನೂರಕ್ಕೆ ಐವತ್ತೆಂಬ ಅಂಕಿ ವ್ಯಾಸದ್ದೋ ವಿಸ್ತೀರ್ಣದ್ದೋ ಎಂದು ಕೇಳದೆ ಅದರ ಅರ್ಥವಾಗದು. ಮೇಲಾಗಿ ಅದು ಬಹುಮಟ್ಟಿಗೆ ಕಣ್ಣಳತೆ. ಒಂದೇ ಚಿತ್ರವನ್ನು ಇಬ್ಬರು ನುರಿತ ವೈದ್ಯರು ನೋಡಿ ಭಿನ್ನ ಅಂಕಿಗಳನ್ನು ಹೇಳುವುದು ಅಪೂರ್ವವೇನಲ್ಲ. ಹಾಲೆಂಡಿನ ಪೈಲ್ಸ್, ಬೆಲ್ಜಿಯಮ್ಮಿನ ಡಿ ಬ್ರೂಯ್ನೆ ಮೊದಲಾದವರು 1990ರ ದಶಕದಲ್ಲಿ ಕೂದಲೆಳೆಯಂಥ ತಂತಿಯ ತುದಿಯಲ್ಲಿ ಒತ್ತಡಮಾಪಕವನ್ನಿಟ್ಟು, ಬ್ಲಾಕಿನ ಆಚೆಗಿನ ಒತ್ತಡ ಈಚೆಗಿನದರ ಎಷ್ಟು ಭಾಗವೆಂದು ಅಳೆಯುವ ಮಾರ್ಗವನ್ನು ತೋರಿದರು. ಈ ಅನುಪಾತ 0.80ಕ್ಕಿಂತ ಮೇಲಿದ್ದರೆ ಆ ಬ್ಲಾಕನ್ನು ಮುಟ್ಟದೆ ಔಷಧದಲ್ಲಿಯೇ ನೋಡಿಕೊಳ್ಳಬಹುದೆಂಬುದು ಈಗ ಬಹುಸಮ್ಮತ.

ಗೋಡೆಯನ್ನೇ ಕಾಣುವ ಉಪಾಯ ಬೇರೊಂದು ದಿಕ್ಕಿನಿಂದ ಬಂದಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಭಾಗದ ಆಸ್ಪತ್ರೆಯೊಂದರಲ್ಲಿ, ಧ್ವನಿಮುದ್ರಿಕೆಗಳಿಗೆ ಹೆಸರಾದ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ, ಕಿರಣವನ್ನು ಸುತ್ತಲೂ ತಿರುಗಿಸಿ, ಪ್ರತಿ ಕೋನದ ತಡೆಯನ್ನು ಗಣಕದಿಂದ ಲೆಕ್ಕಹಾಕಿ, ಮೆದುಳಿನ ಅಡ್ಡಹೋಳಿನ ಚಿತ್ರವನ್ನು ಕೊಟ್ಟಿತು. ಆಗ ಒಂದು ಚಿತ್ರಕ್ಕೆ ನಿಮಿಷಗಳೇ ಬೇಕಾಗಿದ್ದವು. ಮೆದುಳು ಸ್ಥಿರವಾದುದರಿಂದ ಅದು ಸಾಗಿತು, ನಿಮಿಷಕ್ಕೆ ಎಪ್ಪತ್ತು ಬಾರಿ ಕುಣಿಯುವ ಹೃದಯಕ್ಕೆ ಸಾಗದು. ಯಂತ್ರದ ಸುತ್ತು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಇಳಿದು, ಒಮ್ಮೆಗೆ 64 ಹೋಳುಗಳನ್ನು ಹಿಡಿಯುವ ಯಂತ್ರಗಳು 2004ರ ಸುಮಾರಿಗೆ ಬಂದ ಮೇಲೆಯೇ ಸಿ.ಟಿ. ಆಂಜಿಯೋಗ್ರಾಂ ನಂಬತಕ್ಕ ಪರೀಕ್ಷೆಯಾಯಿತು. ಇದಕ್ಕೆ ಹೃದಯದೊಳಕ್ಕೆ ನಳಿಕೆ ಬೇಡ. ಕೈಯ ಅಭಿಧಮನಿಗೆ ಔಷಧ ಚುಚ್ಚಿ, ಮಾತ್ರೆಯಿಂದ ನಾಡಿಯನ್ನು ಅರವತ್ತರ ಆಸುಪಾಸಿಗೆ ಇಳಿಸಿ, ಉಸಿರು ಹಿಡಿಸಿ, ಎರಡು ಮಿಡಿತಗಳ ನಡುವೆ ಹೃದಯ ವಿಶ್ರಮಿಸುವ ಕ್ಷಣದ ಚಿತ್ರವನ್ನಷ್ಟೇ ಆರಿಸಿಕೊಳ್ಳುತ್ತಾರೆ. ಅದರಲ್ಲಿ ದಾರಿಯೊಡನೆ ಗೋಡೆಯ ಕೊಬ್ಬೂ ಗೋಚರವಾಗುತ್ತದೆ. ಔಷಧವನ್ನೇ ಕೊಡದೆ ಗೋಡೆಯಲ್ಲಿ ಗಟ್ಟಿಕಟ್ಟಿದ ಕ್ಯಾಲ್ಸಿಯಮ್ಮನ್ನು ಎಣಿಸುವ ಪದ್ಧತಿಯೊಂದನ್ನು ಅಗಾಟ್‌ಸ್ಟನ್ 1990ರಲ್ಲಿ ರೂಪಿಸಿದನು. ಆದರೆ ವೃದ್ಧರಲ್ಲಿ ಕ್ಯಾಲ್ಸಿಯಂ ವಿಪರೀತವಾಗಿದ್ದರೆ ಅದರ ಪ್ರಖರತೆಯೇ ಪಕ್ಕದ ದಾರಿಯನ್ನು ನುಂಗಿಬಿಡುವುದರಿಂದ, ಅಂಥವರಿಗೆ ನಳಿಕೆಯ ಪರೀಕ್ಷೆಯೇ ಶರಣು.

ಅಪಾಯಗಳನ್ನು ಮುಚ್ಚಿಡಬಾರದು. ಹಿಂದಿನ ಅಯೋಡಿನ್ ದ್ರಾವಣಗಳು ರಕ್ತಕ್ಕಿಂತ ಐದಾರು ಪಟ್ಟು ಸಾಂದ್ರವಾಗಿದ್ದು, ಒಳಹೊಕ್ಕೊಡನೆ ಉರಿ, ನೋವುಗಳನ್ನುಂಟುಮಾಡುತ್ತಿದ್ದವು. ಸ್ವೀಡನ್ನಿನ ಟೋರ್‌ಸ್ಟೆನ್ ಅಲ್ಮೇನ್, ಪಶ್ಚಿಮ ತೀರದ ಉಪ್ಪುಕಡಲಿನಲ್ಲಿ ಕಣ್ಣು ತೆರೆದು ಈಜಿದರೆ ಉರಿಯುವುದೂ ಸಪ್ಪೆಯಾದ ಬಾಲ್ಟಿಕ್ ನೀರಿನಲ್ಲಿ ಉರಿಯದಿರುವುದೂ ಏಕೆಂದು ಆಲೋಚಿಸಿ, ಸಾಂದ್ರತೆಯನ್ನು ತಗ್ಗಿಸಿದ ಅಯೋಡಿನ್ ಸಂಯುಕ್ತಗಳಿಗೆ ದಾರಿಮಾಡಿದನು; ಇಂದು ರೋಗಿಗೆ ತಿಳಿಯುವುದು ಬಹುಮಟ್ಟಿಗೆ ಕ್ಷಣಕಾಲದ ಬೆಚ್ಚನೆಯ ಅನುಭವ ಮಾತ್ರ. ಮೂತ್ರಪಿಂಡ ದುರ್ಬಲವಾಗಿರುವವರು, ಹಿಂದೆ ಈ ಔಷಧದಿಂದ ಅಲರ್ಜಿಯಾದವರು ಮೊದಲೇ ಹೇಳತಕ್ಕದ್ದು. ಕಿರಣದ ಮಾತಾದರೆ, ಪ್ರಕೃತಿಯಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ತಗಲುತ್ತದೆ. ಒಂದು ಆಂಜಿಯೋಗ್ರಾಮಿನಿಂದ ಅದರ ಕೆಲವು ಪಟ್ಟು. ಅವಶ್ಯವಿದ್ದಾಗ ಅಂಜಬೇಕಾದಷ್ಟಲ್ಲ, ಅನಾವಶ್ಯಕವಾಗಿ ಪಡೆಯತಕ್ಕಷ್ಟೂ ಅಲ್ಲ. ಈ ಎಚ್ಚರವನ್ನು ಕಲಿಸಿದವರು ತಮ್ಮ ಬೆರಳುಗಳನ್ನೂ ಪ್ರಾಣವನ್ನೂ ತೆತ್ತ ಮೊದಲ ತಲೆಮಾರಿನ ವೈದ್ಯರು, ದಾದಿಯರು, ತಂತ್ರಜ್ಞರು. ಹ್ಯಾಂಬುರ್ಗಿನ ಆಸ್ಪತ್ರೆಯೊಂದರ ಬಳಿ 1936ರಲ್ಲಿ ನೆಟ್ಟ ಕಲ್ಲಿನ ಮೇಲೆ ಅವರಲ್ಲಿ 169 ಮಂದಿಯ ಹೆಸರನ್ನು ಕೆತ್ತಲಾಯಿತು. ಇಂದು ಕ್ಯಾತ್ ಲ್ಯಾಬಿನವರು ದಿನವಿಡೀ ಸೀಸದ ಭಾರವಾದ ಅಂಗಿಯನ್ನು ಹೊತ್ತು ನಿಲ್ಲುವುದು ಆ ಪಾಠದ ಫಲ.

ಹಾಗಾದರೆ ಯಾರಿಗೆ, ಯಾವಾಗ? ಹೃದಯಾಘಾತ ನಡೆಯುತ್ತಿರುವ ಹೊತ್ತಿನಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಮುಚ್ಚಿದ ನಾಳವನ್ನು ಎಷ್ಟು ಬೇಗ ಹುಡುಕಿ ತೆರೆದರೆ ಅಷ್ಟು ಹೃದಯಮಾಂಸ ಉಳಿಯುತ್ತದೆ, ಅಲ್ಲಿ ತಡಮಾಡುವುದು ಪ್ರಾಣಾಪಾಯ. ಏರು ಹತ್ತುವಾಗ ಮಾತ್ರ ಎದೆ ಹಿಡಿದು, ನಿಂತರೆ ಬಿಡುವ, ಬಹುಕಾಲದಿಂದ ಒಂದೇ ಸ್ಥಿತಿಯಲ್ಲಿರುವ ರೋಗಿಯ ಪ್ರಶ್ನೆ ಬೇರೆ. ಅಂಥ 5179 ಮಂದಿಯನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ಅಧ್ಯಯನದಲ್ಲಿ, ಎಡ ಮುಖ್ಯ ಪರಿಧಮನಿಯಲ್ಲಿ ಅಪಾಯವಿಲ್ಲವೆಂದು ಬಹುಮಂದಿಯಲ್ಲಿ ಸಿ.ಟಿ.ಯಿಂದ ಮೊದಲೇ ಖಚಿತಪಡಿಸಿಕೊಂಡು, ಅರ್ಧ ಜನರನ್ನು ನೇರ ಆಂಜಿಯೋಗ್ರಾಂ, ನಾಳವನ್ನು ತೆರೆದಿಡುವ ಸ್ಟೆಂಟ್ ಅಥವಾ ಬೈಪಾಸಿನ ದಾರಿಗೂ, ಉಳಿದವರನ್ನು ಮೊದಲು ಔಷಧದ ದಾರಿಗೂ ಹಚ್ಚಲಾಯಿತು. ನೋವಿದ್ದವರಿಗೆ ಮೊದಲಿನ ದಾರಿ ಹೆಚ್ಚಿನ ಉಪಶಮನವನ್ನು ಕೊಟ್ಟಿತು, ಸಾವುಗಳೇನೋ ಕಡಮೆಯಾಗಲಿಲ್ಲ.

ಇದರೊಡನೆ ಸ್ಕಾಟ್ಲೆಂಡಿನಲ್ಲಿ ಎದೆನೋವೆಂದು ಬಂದ 4146 ಮಂದಿಯ ಮೇಲೆ ನಡೆದ ಪರೀಕ್ಷೆಯನ್ನೂ ಇಟ್ಟು ನೋಡಬೇಕು. ಅರ್ಧದಷ್ಟು ಜನರಿಗೆ ಎಂದಿನ ತಪಾಸಣೆಯ ಜೊತೆಗೆ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿ ಐದು ವರ್ಷ ಕಾದಾಗ, ಹೃದ್ರೋಗದ ಸಾವು ಅಥವಾ ಹೃದಯಾಘಾತ ಅವರಲ್ಲಿ ನೂರಕ್ಕೆ 2.3, ಸಿ.ಟಿ. ಇಲ್ಲದವರಲ್ಲಿ 3.9. ಆಶ್ಚರ್ಯವೆಂದರೆ ಐದು ವರ್ಷಗಳ ಕೊನೆಯಲ್ಲಿ ಸ್ಟೆಂಟು ಬೈಪಾಸುಗಳ ಸಂಖ್ಯೆ ಎರಡು ಗುಂಪಿನಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು. ಬೇರೆಯಾದದ್ದು ಔಷಧ: ಗೋಡೆಯ ಕೊಬ್ಬನ್ನು ಕಣ್ಣಾರೆ ಕಂಡ ವೈದ್ಯರು, ಬ್ಲಾಕ್ ಇಲ್ಲವೆಂದು ರೋಗಿಯನ್ನು ಬರಿಗೈಯಲ್ಲಿ ಕಳುಹಿಸುವುದಕ್ಕೆ ಬದಲಾಗಿ, ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಆಸ್ಪಿರಿನ್ನನ್ನೂ ಹೆಚ್ಚು ಮಂದಿಗೆ ಬರೆದುಕೊಟ್ಟಿದ್ದರು. ಆದುದರಿಂದ ತಮ್ಮ ಮನೆಯ ಹಿರಿಯರ ಚಿತ್ರವನ್ನು ವೈದ್ಯರು ತೋರಿಸುವಾಗ ಬ್ಲಾಕ್ ಎಷ್ಟಿದೆಯೆಂದು ಕೇಳಿ ಸುಮ್ಮನಾಗದೆ, ನಾಳದ ಗೋಡೆ ಹೇಗಿದೆ, ಮಾತ್ರೆ ಯಾವುದು, ಅದನ್ನು ಎಷ್ಟು ಕಾಲ ನುಂಗಬೇಕು ಎಂದೂ ಕೇಳಿರೆಂದು ಈ ವೇದಿಕೆಯಿಂದ ಬೇಡಿಕೊಳ್ಳುತ್ತೇನೆ. ಸ್ಟೆಂಟ್ ಬೇಡವೆಂದು ಹೇಳಿಸಿಕೊಂಡು ಸಂತೋಷದಿಂದ ಊರಿಗೆ ಮರಳಿ, ಆರು ತಿಂಗಳಲ್ಲಿ ಮಾತ್ರೆಯನ್ನು ನಿಲ್ಲಿಸಿಬಿಡುವವರು ನಮ್ಮಲ್ಲಿ ಅನೇಕರಿದ್ದಾರೆ.